ಐದನೆಯ ಕೈ

ಸಭೆಯ ಕಾರ್ಯದರ್ಶಿಯ ಅಂಗೈ ಬೆವರಿದೆ, ಬೆಳಗಿನ ಏಳು ಗಂಟೆಗೇ, ಇನ್ನೂ ಬಿಸಿಲೇ ಬಂದಿಲ್ಲ, ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಳ್ಳಲ್ಲ, ನನ್ನ ಎಡಗೈ ಅವನ ಕೈಯಲ್ಲಿ, ಬಲಗೈ ನರ್ಸಮ್ಮನ ಕೈಯಲ್ಲಿ, ಅವರ ಆಚೆ ಮೇಷ್ಟ್ರು, ಮೇಷ್ಟ್ರ ಆಚೆ ಡ್ರೈವರಣ್ಣ, ಐದು ಕುರ್ಚಿ, ಐದು ಜನ, ಸುತ್ತು ಅವನಿಂದ ಶುರುವಾಗಿ ನನ್ನಲ್ಲಿ ಮುಗಿಯಬೇಕು – ಕಟ್ಟಳೆ ಇಷ್ಟೇ, ಕಣ್ಣು ಮುಚ್ಚಿ ಕೈ ಹಿಡಿದುಕೊಳ್ಳುವುದು, ನಮ್ಮ ಪ್ರಾರ್ಥನೆ ಮುಗಿದಾಗ ಪಕ್ಕದವರ ಕೈ ಒಮ್ಮೆ ಒತ್ತುವುದು, ಒತ್ತಿದರೆ ಸರದಿ ದಾಟಿತು, ಒತ್ತುವವರೆಗೆ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ, ಕೈ ಬಿಡುವಂತಿಲ್ಲ, ಕೊನೆಯವರು ಒತ್ತಿದ ಮೇಲೇ ಆಮೆನ್. ಅವನು ಶುರುಮಾಡಿದ, ಕರ್ತನೇ, ಇಪ್ಪತ್ತಾರು ವರ್ಷ ಈ ಕೋಣೆಯಲ್ಲಿ ನಡೆದ ಪ್ರಾರ್ಥನೆಗಾಗಿ ಸ್ತೋತ್ರ, ಇನ್ನು ಮುಂದೆ ಈ ಜಾಗವನ್ನು ಸಭೆಯ ಅಭಿವೃದ್ಧಿಗೆ – ಅಭಿವೃದ್ಧಿಯಂತೆ, ಸ್ಪೀಕರ್ ಪೆಟ್ಟಿಗೆ ಇಡುವುದಕ್ಕೆ, ಪ್ಲಾಸ್ಟಿಕ್ ಕುರ್ಚಿ ಪೇರಿಸುವುದಕ್ಕೆ, ಅದನ್ನು ದೇವರಿಗೆ ಹೇಳುವಾಗ ಗೋದಾಮು ಅನ್ನುವ ಪದವೇ ಇವನ ಬಾಯಿಗೆ ಬರುವುದಿಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ಭಾನುವಾರ ಅರ್ಧ ಬೆಂಚು ಖಾಲಿ, ಅದಕ್ಕೆ ಸ್ಪೀಕರ್ ಮಾತ್ರ ದೊಡ್ಡದಾಗಬೇಕು. ಬಾಗಿಲ ಆಚೆ ಬಡಗಿ ಆಗಲೇ ಬಂದು ನಿಂತಿದ್ದಾನೆ, ಅಳತೆ ಟೇಪು ಎಳೆಯುವ ಸದ್ದು, ಬಿಡುವ ಸದ್ದು. ನಿನ್ನೆ ಈ ಕಾರ್ಯದರ್ಶಿಯೇ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದ, ಅಕ್ಕಾ, ನಾಳೆ ಕೊನೇ ಪ್ರಾರ್ಥನೆ ನೀವೇ ಮಾಡ್ಬೇಕು, ಸ್ತೋತ್ರ ಹೇಳಿ ಚೆಂದವಾಗಿ ಮುಗಿಸಿಬಿಡಿ, ನಿಮ್ಮ ಬಾಯಿಂದ ಬಂದ್ರೆ ಯಾರೂ ಎರಡು ಮಾತಾಡಲ್ಲ, ಬೆಳಗಿನ ಗುಂಪಿನವ್ರೇ ಸಂತೋಷದಿಂದ ಒಪ್ಪಿದ್ರು ಅಂತ ನಡಾವಳಿ ಪುಸ್ತಕದಲ್ಲಿ ಬರ್ಕೊಳ್ತೀನಿ, ಪಾಸ್ಟರಿಗೂ ಅಷ್ಟೇ ಬೇಕಾಗಿರೋದು. ಪಾಸ್ಟರಿಗೆ ಮೂರು ಊರಿನ ಸಭೆ, ಇಲ್ಲಿಗೆ ಬರುವುದು ಭಾನುವಾರ ಮಾತ್ರ. ಮದುವಣಗಿತ್ತಿಯ ಬಿಳಿ ಗೌನಿಗೆ ಅಂಚು ಮಡಚುತ್ತಿದ್ದೆ, ಬಾಯಲ್ಲಿ ಆರು ಗುಂಡುಸೂಜಿ, ಮಾತಾಡುವ ಹಾಗಿಲ್ಲ, ಮೌನಂ ಸಮ್ಮತಿ ಲಕ್ಷಣಂ ಅಂದುಕೊಂಡು ಹೊರಟೇ ಹೋದ. ಸೂಜಿ ತೆಗೆದು ಬಾಗಿಲಿಗೆ ಬರುವಷ್ಟರಲ್ಲಿ ಅವನ ಸ್ಕೂಟರು ತಿರುವು ದಾಟಿತ್ತು.

ಡ್ರೈವರಣ್ಣನಿಗೆ ಸರದಿ ದಾಟಿತು, ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ, ಅವನದು ದಿನಾ ಒಂದೇ, ಬ್ರೇಕು ಕೈಕೊಡದಿರಲಿ, ಮಕ್ಕಳು ಅಡ್ಡ ಓಡದಿರಲಿ, ಹತ್ತಿದವರೆಲ್ಲ ಇಳಿಯುವಂತಾಗಲಿ, ಮೊದಲೆಲ್ಲ ನನಗೆ ನಗು ಬರುತ್ತಿತ್ತು, ಇದೂ ಒಂದು ಪ್ರಾರ್ಥನೆಯೇ ಅಂತ, ಎಷ್ಟು ಸೊಕ್ಕು ನನಗೆ. ನನ್ನದಾದರೆ ಎಣ್ಣೆ ಹಾಕಿದ ಮಿಷನ್ನಿನ ಹಾಗೆ, ಎಲ್ಲಿಯೂ ದಾರ ತುಂಡಾಗುವುದಿಲ್ಲ, ಮದುವೆಗೊಂದು, ಸಾವಿಗೊಂದು, ಹೊಸ ಮನೆಗೊಂದು, ಅಕ್ಕ ಪ್ರಾರ್ಥನೆ ಮಾಡಿದ್ರೆ ಕಲ್ಲೂ ಕರಗುತ್ತೆ ಅನ್ನುವವರು, ಕಣ್ಣೊರೆಸಿಕೊಳ್ಳುವವರು, ನಾನು ಒಂದು ಕಣ್ಣು ಚೂರೇ ತೆರೆದು ಯಾರು ಯಾರು ಅಳುತ್ತಿದ್ದಾರೆ ಅಂತ ನೋಡಿದ್ದೂ ಉಂಟು, ಹೌದು, ನೋಡಿದ್ದೇನೆ, ಈಗ ಮುಚ್ಚಿಟ್ಟು ಏನಾಗಬೇಕು. ನಮ್ಮೆಜಮಾನರು ಮಾತ್ರ ಕರಗುವ ಕಲ್ಲಲ್ಲ, ನಾನು ಚಪ್ಪಲಿ ಹಾಕಿಕೊಳ್ಳುವಾಗಲೇ ಈವತ್ತೂ ಕೇಳಿದರು, ಏನೇ, ದಿನಾ ಬೆಳಗಾದ್ರೆ ಆ ದೇವರ ಬಾಗಿಲು ತಟ್ತೀಯಲ್ಲ, ಅವನಿಗೂ ಸ್ವಲ್ಪ ನಿದ್ದೆ ಬೇಡ್ವಾ. ತಂಗಿ ಹಾಗೆ ಹಾಸ್ಯ ಮಾಡಲಿಲ್ಲ, ಎರಡು ವರ್ಷದ ಹಿಂದೆ ಅವಳು ನೇರ ಕೇಳಿಬಿಟ್ಟಳು, ಆಸ್ಪತ್ರೆಯ ಮಂಚ, ನಾನು ಕಣ್ಣು ಮುಚ್ಚಿ ಪರಲೋಕದ ಬಾಗಿಲು, ಗುಣವಾಗುವ ಕೈ, ಎಲ್ಲ ದೊಡ್ಡ ದೊಡ್ಡ ಮಾತು ಜೋಡಿಸುತ್ತಿದ್ದೇನೆ, ಪಕ್ಕದ ಮಂಚದವರೂ ಕೇಳಿಸಿಕೊಳ್ಳಲಿ ಅಂತ ದನಿ ಏರಿಸಿದ್ದೇನೆ, ಅವಳು ಮೆಲ್ಲಗೆ, ಅಕ್ಕಾ, ಇದನ್ನೆಲ್ಲ ಯಾರಿಗೆ ಹೇಳ್ತಿದ್ದೀಯ? ಆರು ದಿನಕ್ಕೆ ಹೋದಳು. ಅವತ್ತಿಂದ ನಾಲಿಗೆ ತಾನೇ ಓಡುತ್ತದೆ, ನಾನು ಎಲ್ಲೋ ಹೊರಗೆ ನಿಂತಿರುತ್ತೇನೆ, ಎರಡು ವರ್ಷ ಸಭೆಯ ಮುಂದೆ ನಿಂತು ಒಂದು ದಿನವೂ ಪ್ರಾರ್ಥನೆ ಮಾಡಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದಿದ್ದುದಕ್ಕೇ ನನಗೆ ಹೆಚ್ಚು ಸಿಟ್ಟು.

ಮೇಷ್ಟ್ರ ದನಿ ಬಂತು, ಹಲ್ಲು ಕಟ್ಟಿಸಿದ ಮೇಲೆ ಮಾತೆಲ್ಲ ಸ್ವಲ್ಪ ಸೀಟಿ, ಪರಲೋಕದಲ್ಲಿರುವ – ನಿದ್ದೆ ಮಾಡಬೇಡಿ ಮೇಷ್ಟ್ರೇ, ಹಿಂದೊಮ್ಮೆ ಮಾಡಿದ ಹಾಗೆ, ಇಲ್ಲ, ಮಾಡಿದರೆ ಮಾಡಿ, ನಿಮ್ಮ ನಿದ್ದೆಯಿಂದಲೇ ನಾನು ಬದುಕಿದ್ದು. ಮೂರು ತಿಂಗಳಾಯಿತೇನೋ, ಡ್ರೈವರಣ್ಣ ಅವರ ಕೈ ಒತ್ತಿದ, ಮೇಷ್ಟ್ರು ಮಾತಾಡಲಿಲ್ಲ, ಒಂದು ನಿಮಿಷ, ಎರಡು, ಐದು, ಆತ್ಮದಲ್ಲಿ ಮುಳುಗಿದ್ದಾರೆ ಅಂದುಕೊಂಡೆವು, ಯಾರಿಗೂ ಅಲುಗಾಡುವ ಧೈರ್ಯವಿಲ್ಲ, ಕಟ್ಟಳೆ ಕಟ್ಟಳೆಯೇ, ಇಪ್ಪತ್ತು ನಿಮಿಷ ಹಾಗೇ ಕೈ ಕೈ ಹಿಡಿದು ಕೂತೆವು, ಆಮೇಲೆ ಗೊರಕೆ ಬಂತು, ನರ್ಸಮ್ಮ ನಕ್ಕು ನಕ್ಕು ಕೆಮ್ಮಿದರು, ಮೇಷ್ಟ್ರು ಕಣ್ಣು ತೆರೆದು ಆಮೆನ್ ಅಂದರು, ಆವತ್ತಿಡೀ ಊರಲ್ಲಿ ಅದೇ ಮಾತು. ಆದರೆ ಆ ಇಪ್ಪತ್ತು ನಿಮಿಷ – ಮೊದಲು ಅಂಗಡಿಯ ಲೆಕ್ಕಕ್ಕೆ ಬಾರದ ಯೋಚನೆಗಳೆಲ್ಲ ಬಂದವು, ಗುಂಡಿ, ಕಾಲರು, ಗೌನಿನ ಅಳತೆ, ಆಮೇಲೆ ಅವೂ ಮುಗಿದವು, ಹೇಳುವುದಕ್ಕೆ ನನ್ನ ಬಳಿ ಏನೂ ಉಳಿಯಲಿಲ್ಲ, ಆಗ ಒಳಗಿನಿಂದ ಒಂದೇ ಮಾತು ಎದ್ದಿತು, ಅವಳನ್ನ ಯಾಕೆ ಕರ್ಕೊಂಡೆ, ಅಷ್ಟೇ, ಸ್ತೋತ್ರವಿಲ್ಲ, ದೊಡ್ಡ ಪದವಿಲ್ಲ, ಜಗಳವೇ ಅದು, ಯಾರೋ ಕೇಳಿಸಿಕೊಂಡರು, ಉತ್ತರ ಕೊಡಲಿಲ್ಲ, ಎದ್ದೂ ಹೋಗಲಿಲ್ಲ. ಆವತ್ತಿಂದ ದಿನಾ ಅರ್ಧ ಗಂಟೆ ಮೊದಲೇ ಬಂದು ಈ ಕೋಣೆಯಲ್ಲಿ ಒಬ್ಬಳೇ ಬಾಯಿ ಮುಚ್ಚಿಕೊಂಡು ಕೂರುತ್ತೇನೆ, ಐವತ್ತೆರಡನೆಯ ವಯಸ್ಸಿಗೆ ಅ ಆ ಇ ಈ ಕಲಿಯುವುದು, ಆ ಕಲಿಕೆಗೆ ಈಗ ಬೀಗ. ಮನೇಲೂ ಪ್ರಾರ್ಥನೆ ಮಾಡ್ಬಹುದಲ್ವಾ ಅಕ್ಕಾ, ಅಂದಿದ್ದ ಕಾರ್ಯದರ್ಶಿ, ಮಾಡಬಹುದಪ್ಪಾ, ಊಟವನ್ನೂ ನಿಂತುಕೊಂಡೇ ಮಾಡಬಹುದು. ಐದು ಜನಕ್ಕೋಸ್ಕರ ಒಂದು ಕೋಣೇನಾ, ಅಂದ, ಸಭೆ ಅಂದರೆ ಏನು ಅಂದುಕೊಂಡಿದ್ದಾನೆ, ಸದ್ದು ದೂರಕ್ಕೆ ಕೇಳಿಸುವುದು ಮಾತ್ರವೇ, ಡ್ರೈವರಣ್ಣ ಬಸ್ ಹತ್ತುವ ಮೊದಲು ಒಂದು ನಿಮಿಷ ಕೂರುವುದಕ್ಕೆ, ನರ್ಸಮ್ಮ ಇಡೀ ಜನ್ಮ ಹೆಣ ಒರೆಸಿದ ಕೈಯನ್ನು ತಂದು ಇಡುವುದಕ್ಕೆ, ಎಲ್ಲಿಯಾದರೂ ಒಂದು ಜಾಗ ಬೇಡವೇ, ಇದಿಲ್ಲದೆ ಉಳಿದದ್ದೆಲ್ಲ ಯಾತಕ್ಕೆ.

ಮೇಷ್ಟ್ರು ನಿಲ್ಲಿಸಿದರು. ನರ್ಸಮ್ಮನ ಪ್ರಾರ್ಥನೆ ಯಾವತ್ತೂ ಒಂದೇ ಸಾಲು, ಕರ್ತನೇ, ಬಂದಿದ್ದೀನಿ, ಇವತ್ತೂ ಅಷ್ಟೇ, ಸಾಯುವವರ ಹತ್ತಿರ ಇದ್ದು ಇದ್ದು ಮಾತು ಉದುರಿಹೋಗಿದೆ, ತಂಗಿಯ ವಾರ್ಡಿನಲ್ಲೂ ಇದ್ದವರು ಇವರೇ, ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಬೆರಳು ಬೆರಳಿಗೆ ಹೆಣೆದುಕೊಂಡು, ನಾನು ಎರಡೂ ಕೈ ಮೇಲೆತ್ತಿ ಪ್ರಾರ್ಥಿಸಬೇಕು ಅಂತ ಅವಳ ಬೆರಳು ಒಂದೊಂದಾಗಿ ಬಿಡಿಸಿದೆ, ಕಣ್ಣು ತೆರೆದಾಗ ಆ ಕೈ ಹಾಸಿಗೆಯ ಮೇಲೆ ಹಾಗೇ ತೆರೆದುಕೊಂಡು ಬಿದ್ದಿತ್ತು, ನರ್ಸಮ್ಮ ಬಂದು ಹಿಡಿದುಕೊಂಡರು – ಬಲಗೈ ಒತ್ತಿತು. ನನ್ನ ಸರದಿ. ಎಲ್ಲರೂ ಕಾಯುತ್ತಿದ್ದಾರೆ, ನಾಲಿಗೆ ತುದಿಗೆ ತಾನೇ ಬಂದು ನಿಂತಿದೆ, ಕೃಪಾಮಯನಾದ ತಂದೆಯೇ, ಸಕಲವನ್ನೂ ಸಕಾಲದಲ್ಲಿ – ನುಂಗಿದೆ. ಮಾಡುವುದಿಲ್ಲ. ಈ ಕೋಣೆ ಮುಚ್ಚಿದ್ದಕ್ಕೆ ಸ್ತೋತ್ರ ನನ್ನ ಬಾಯಿಂದ ಬರುವುದಿಲ್ಲ, ಇವನ ಪುಸ್ತಕಕ್ಕೆ ನನ್ನ ಆಮೆನ್ ಸಿಗುವುದಿಲ್ಲ, ಮಾತಾಡುವುದೂ ಇಲ್ಲ, ಒತ್ತುವುದೂ ಇಲ್ಲ. ಹೊರಗೆ ಟೇಪು ಎಳೆದ ಸದ್ದು, ಬಿಟ್ಟ ಸದ್ದು, ಆಮೇಲೆ ಅದೂ ಇಲ್ಲ. ಕಾರ್ಯದರ್ಶಿ ಗಂಟಲು ಕೆರೆದ, ಕುರ್ಚಿ ಕಿರುಗುಟ್ಟಿತು, ಅಕ್ಕಾ, ಅಂದ ಪಿಸುದನಿಯಲ್ಲಿ, ನರ್ಸಮ್ಮ ಶ್ ಅಂದರು, ಸರದಿ ಅವ್ಳದು. ನಾನು ಒಳಗೊಳಗೇ ಅಂದೆ, ಎಷ್ಟು ಹೊತ್ತಾದರೂ ಆಗಲಿ, ದೇವರೇ, ಇಲ್ಲೇ ಇದ್ದೀನಿ, ಕೇಳಿಸ್ತಿದೆಯಾ, ನಿನಗೇ ಹೇಳ್ತಿರೋದು, ಇವನಿಗಲ್ಲ, ಅವಳನ್ನ ಕರ್ಕೊಂಡೆ, ಈ ಜಾಗಾನೂ ಬಿಟ್ಕೊಡು ಅಂದ್ರೆ ಕೊಡಲ್ಲ, ಬೇಕಾದ್ರೆ ನೀನೇ ಬಂದು ಕಿತ್ಕೋ, ಹೋಗ್ಬೇಡ, ಕೂತ್ಕೋ. ಕಾರ್ಯದರ್ಶಿ ಕೈ ಎಳೆದುಕೊಳ್ಳುತ್ತಿದ್ದಾನೆ, ಮೊದಲು ಮೆಲ್ಲಗೆ, ಈಗ ಜೋರಾಗಿ, ಬೆವರಿಗೆ ಜಾರುತ್ತಿದೆ, ಮೂವತ್ತು ವರ್ಷ ಕತ್ತರಿ ಹಿಡಿದ ಕೈ ನನ್ನದು, ಬೆರಳ ಸಂದಿಗೆ ಬೆರಳು ಹಾಕಿ ಹಿಡಿದೆ, ಎಳೆದ, ಹಿಡಿದೆ, ಮತ್ತೆ ಎಳೆದ, ಹಿಡಿದೇ ಇದ್ದೆ, ಅವನ ಬೆರಳು ಇನ್ನೊಮ್ಮೆ ಒದ್ದಾಡಿತು, ಆಮೇಲೆ ಎಳೆಯುವುದನ್ನು ಬಿಟ್ಟು ನನ್ನ ಕೈಯಲ್ಲಿ ಸುಮ್ಮನೆ ಉಳಿಯಿತು.