ಒಂಟಿ ಗೆಜ್ಜೆಯ ತಿರುಗಾಟ

ಮೊದಲೇ ಹೇಳಿಬಿಡುತ್ತೇನೆ, ನಾನು ಅದನ್ನು ಕದ್ದಿರಲಿಲ್ಲ. ಆಟದ ನಿಯಮದ ಪ್ರಕಾರವೇ ತೆಗೆದುಕೊಂಡಿದ್ದೆ.

ಆಟ ಇಷ್ಟೇ. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಅದಿರುವ ಜಾಗದ ಗುರುತನ್ನು ಆ್ಯಪಿನಲ್ಲಿ ಹಾಕುತ್ತಾರೆ. ಉಳಿದವರು ಮೊಬೈಲು ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಒಳಗಿನ ಪುಟ್ಟ ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು ಬರೆಯಬೇಕು. ಒಳಗೆ ಚಿಲ್ಲರೆ ಸಾಮಾನುಗಳಿರುತ್ತವೆ. ಯಾವುದಾದರೂ ಬೇಕೆನಿಸಿದರೆ ತೆಗೆದುಕೊಂಡು ಬದಲಿಗೆ ಇನ್ನೊಂದನ್ನು ಇಡಬಹುದು. ಜಿಯೋಕ್ಯಾಶಿಂಗ್ ಎಂದು ಇದರ ಹೆಸರು. ನನ್ನನ್ನು ಇದಕ್ಕೆ ಎಳೆದವಳು ಗೆಳತಿ ತಬಸ್ಸುಮ್. ರಾಣೆಬೆನ್ನೂರಿನ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾಳೆ. ಅವಳು ಇದನ್ನು ವ್ರತದಂತೆ ಮಾಡುತ್ತಾಳೆ. ನಾನು ಹಾವೇರಿಯ ಒಂದು ಲ್ಯಾಬಿನಲ್ಲಿ ವಾರಕ್ಕೆ ಆರು ದಿನ ಜನರ ರಕ್ತ ತೆಗೆಯುವವಳು. ಏಳನೆಯ ದಿನ ಸ್ಕೂಟರು ಹತ್ತಿ ಊರ ಹೊರಗೆ ಹೋಗಲು ನನಗೊಂದು ನೆಪ ಬೇಕಿತ್ತು, ಅಷ್ಟೇ.

ಡಿಸೆಂಬರಿನ ಒಂದು ಭಾನುವಾರ ತಬಸ್ಸುಮಳೇ ಬಚ್ಚಿಟ್ಟ ಒಂದು ಡಬ್ಬಿಯನ್ನು ಹುಡುಕಲು ಹೋಗಿದ್ದೆ. ಅಗಡಿಯ ದಾರಿಯಲ್ಲಿ, ಜೋಳದ ಹೊಲದ ಬದುವಿನಲ್ಲಿ ಒಂದು ಬನ್ನಿ ಮರ. ಅದರ ಪೊಟರೆಯಲ್ಲಿ ಡಬ್ಬಿ. ತೆರೆದರೆ ಎರಡು ಗೋಲಿ, ಒಂದು ಹೇರ್‌ಕ್ಲಿಪ್ಪು, ಅವುಗಳ ನಡುವೆ ಕೂಸಿನ ಕಾಲಿನದೊಂದು ಬೆಳ್ಳಿ ಗೆಜ್ಜೆ. ಒಂದೇ ಒಂದು. ಜೋಡಿಯನ್ನು ಮುರಿದು ಒಂದನ್ನೇ ಇಟ್ಟ ಆ ಜಿಪುಣರು ಯಾರಪ್ಪಾ ಎಂದು ಮನಸ್ಸಿನಲ್ಲೇ ಬೈದೆ. ಅಲ್ಲಾಡಿಸಿದೆ, ಸದ್ದು ಎಷ್ಟು ಚೆನ್ನಾಗಿತ್ತೆಂದರೆ ಕೆಳಗಿಡಲು ಮನಸ್ಸಾಗಲಿಲ್ಲ. ನನ್ನ ಪುಟ್ಟ ಟಾರ್ಚನ್ನು ಡಬ್ಬಿಯಲ್ಲಿಟ್ಟು ಗೆಜ್ಜೆಯನ್ನು ಸ್ಕೂಟರಿನ ಕೀಲಿಕೈಗೆ ಸಿಕ್ಕಿಸಿಕೊಂಡೆ. ಅಂದಿನಿಂದ ನಾನು ಎಲ್ಲಿ ಹೋದರೂ ನನ್ನ ಜೊತೆ ಸಣ್ಣದೊಂದು ಸದ್ದು ಬರುತ್ತಿತ್ತು.

ಜನವರಿಯಲ್ಲಿ ತಬಸ್ಸುಮ್ ಎರಡು ದಿನದ ಕೂಟ ಇಟ್ಟುಕೊಂಡಳು. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ನಲವತ್ತು ಜನ ಬಂದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತ ಹನ್ನೆರಡು ಡಬ್ಬಿಗಳು. ಶನಿವಾರ ರಾಣೆಬೆನ್ನೂರು, ಬ್ಯಾಡಗಿ ಮುಗಿದವು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಗೋಡೆಯ ಬಳಿ ನಲವತ್ತು ಜನರೂ ಸಾಲಾಗಿ ಸೀನಿದ್ದೇ ಸೀನಿದ್ದು. ಭಾನುವಾರದ ಮೊದಲ ಡಬ್ಬಿ ಬನ್ನಿ ಮರದ್ದು. ಹತ್ತು ಗಂಟೆಗೆ ಜನ ಬರುವವರಿದ್ದರು. ಎಲ್ಲ ಸರಿ ಇದೆಯೋ ಇಲ್ಲವೋ ನೋಡೋಣ ಎಂದು ತಬಸ್ಸುಮ್ ನನ್ನನ್ನು ಏಳು ಗಂಟೆಗೇ ಕರೆದುಕೊಂಡು ಹೋದಳು.

ಯಾರೋ ಮರದ ಬುಡಕ್ಕೆ ನೀರು ಹಾಕಿ ಸಾರಿಸಿದ್ದರು. ಕಾಂಡಕ್ಕೆ ಅರಿಶಿನ, ಕುಂಕುಮ. ಪೊಟರೆಯಲ್ಲಿದ್ದ ನಮ್ಮ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೂ ಐದು ಬೆರಳಿನ ಅರಿಶಿನ, ಮೇಲೊಂದು ಚೆಂಡುಹೂವು.

"ನಿನಗ ಬ್ಯಾರೆ ಗಿಡಾನ ಸಿಗಲಿಲ್ಲೇನ?" ಎಂದೆ. "ಹೋಗಿ ಹೋಗಿ ಬನ್ನಿಗಿಡದಾಗ ಇಟ್ಟೀಯಲ್ಲ."

"ಪೊಟರಿ ಭಾಳ ಚಲೋ ಇತ್ತ," ಎಂದು ತಬಸ್ಸುಮ್ ಪೆಚ್ಚಾಗಿ ನಕ್ಕಳು.

ನೋಟ್‌ಬುಕ್ಕು ತೆರೆದಳು. ಮೊದಲು ನಮ್ಮಂಥವರ ಹೆಸರುಗಳು. ನನ್ನದೂ ಇತ್ತು: ಧನಶ್ರೀ, ಡಿಸೆಂಬರ್ ಹದಿನಾಲ್ಕು. ಅದರ ಕೆಳಗೆ ಪೆನ್ಸಿಲಿನಲ್ಲಿ ದುಂಡಗಿನ ಅಕ್ಷರ: "ನನ್ನ ಗೆಜ್ಜಿ ತಿರುಗಿ ಕೊಡು. ಮೈಲವ್ವ." ಮರುದಿನದ ತಾರೀಖು ಹಾಕಿ ಅದೇ ಮಾತು. ಅದರ ಮರುದಿನವೂ. ಪುಟ ತಿರುಗಿಸಿದರೂ ಅದೇ. ಕೊನೆಯದು ನಿನ್ನೆಯದು. ತಬಸ್ಸುಮ್ ನನ್ನ ಕೈಯಲ್ಲಿದ್ದ ಕೀಲಿಕೈಯನ್ನು ನೋಡಿದಳು.

ಅಷ್ಟರಲ್ಲಿ ಹೊಲದೊಳಗಿನಿಂದ ಐವತ್ತು ದಾಟಿದ ಹೆಂಗಸೊಬ್ಬಳು ಸೀರೆ ಎತ್ತಿಕಟ್ಟಿಕೊಂಡು ಬಂದಳು. ಅವಳು ಮಂಗಳವ್ವ, ಆ ಹೊಲದ ಒಡತಿ.

"ಬೇಡ್ಕೊಳ್ಳಾಕ ಬಂದೀರೇನು? ಬೇಡ್ಕೋರಿ, ಬೇಡ್ಕೋರಿ," ಎಂದಳು. "ಭಾಳ ಸತ್ಯುಳ್ಳ ಗಿಡ ಐತಿ. ದೂರದೂರಿಂದ ಕಾರ್ ಮಾಡ್ಕೊಂಡು ಬರ್ತಾರ. ಗಿಡಾ ಸುತ್ತತಾರ, ಡಬ್ಬಿ ತಗೀತಾರ, ಹೆಸರು ಬರೀತಾರ. ಬರದ ಕೂಡ್ಲೆ ಚಪ್ಪಾಳಿ ಹೊಡದು ಕುಣೀತಾರ. ಬೇಡಿದ್ದು ಅಲ್ಲೇ ಸಿಗತೈತಿ ಅಂದ್ರ ನೋಡ್ರಿ!"

ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡವರು ಮರದ ಸುತ್ತ ತಿರುಗಿ, ಹೆಸರು ಬರೆದು, ಕುಣಿದಾಡುವುದನ್ನು ಹೊಲದಲ್ಲಿ ನಿಂತು ನೋಡಿದವರು ಇನ್ನೇನು ತಿಳಿಯಬೇಕು? ಹರಕೆ ಹೊರುವವರನ್ನು ಕಂಡರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಲ್ಯಾಬಿಗೆ ಬರಬೇಕಾದವರು ಗುಡಿಗೆ ಹೋಗಿ ತಡಮಾಡಿ ಬರುವುದನ್ನು ದಿನಾ ನೋಡುತ್ತೇನೆ. ಆದರೆ ಅವತ್ತು ನಾನು ಕೀಲಿಕೈಯನ್ನು ಬೆನ್ನ ಹಿಂದೆ ಮುಚ್ಚಿ ಹಿಡಿದು ನಿಂತಿದ್ದೆ.

"ನೀವೇನ್ ಬೇಡ್ಕೊಂಡ್ರಿ ಯವ್ವಾ?" ಎಂದು ತಬಸ್ಸುಮ್ ಕೇಳಿದಳು.

ಮಂಗಳವ್ವ ಬದುವಿನ ಮೇಲೆ ಕುಳಿತಳು. ಅವಳ ಸೊಸೆಯೇ ಮೈಲವ್ವ. ಹೋದ ವರ್ಷ ಹೆಣ್ಣು ಕೂಸು ಹುಟ್ಟಿ ಹನ್ನೊಂದು ದಿನಕ್ಕೆ ತೀರಿಕೊಂಡಿತ್ತು. ತವರಿನವರು ತಂದ ಗೆಜ್ಜೆಗಳಲ್ಲಿ ಒಂದು ಕೂಸಿನ ಕಾಲಿನಲ್ಲೇ ಮಣ್ಣಿಗೆ ಹೋಯಿತು, ಇನ್ನೊಂದು ಹಾಸಿಗೆಯಲ್ಲಿ ಕಳಚಿ ಬಿದ್ದು ಉಳಿಯಿತು. ಮೈಲವ್ವ ಈಗ ಮತ್ತೆ ಬಸುರಿ, ಏಳು ತಿಂಗಳು.

"ಆ ಗೆಜ್ಜಿ ಹಿಡ್ಕೊಂಡು ಕುಂತ್ರ ಏಳತಿದ್ದಿಲ್ಲ. ಬಸರಿದ್ದಾಕಿ ಸತ್ತ ಕೂಸಿನ ಸಾಮಾನ ಹಿಡ್ಕೊಂಡು ಅಳಬಾರದು. ಮಾರಾಕ ಮನಸ್ಸಿಲ್ಲ, ಒಗ್ಯಾಕ ಮನಸ್ಸಿಲ್ಲ. ಆಕಿಗೆ ಹೇಳದಂಗ ತಂದು ಈ ಗಿಡಕ್ಕ ಕೊಟ್ಟೆ. ಈ ಸರ್ತಿದು ಉಳೀಲಿ ಅಂತ. ಎರಡು ದಿನ ಬಿಟ್ಟು ನೋಡಿದ್ರ ಗೆಜ್ಜಿ ಇಲ್ಲ, ಇದಿತ್ತು." ಸೊಂಟದ ಎಲೆಯಡಿಕೆ ಚೀಲದಿಂದ ನನ್ನ ಟಾರ್ಚನ್ನು ತೆಗೆದು ಕಣ್ಣಿಗೊತ್ತಿಕೊಂಡಳು. "ತಗೊಂಡಾಳ ತಾಯಿ, ಬದಲಿ ಬೆಳಕ ಕೊಟ್ಟಾಳ ಅಂತ ನಾ ಖುಷಿಪಟ್ಟೆ. ಸೊಸಿಗೆ ಹೇಳಿದ್ರ ಕೆಂಡ ಆದ್ಲು. ಒಂದ ತಿಂಗಳಾತು, ನನ್ನ ಜೋಡಿ ಮಾತಿಲ್ಲ. ಅರ್ಧ ರೊಟ್ಟಿ ತಿಂತಾಳ. ದಿನಾ ಮುಂಜಾನೆ ಬಂದು ಬುಕ್ಕಿನ್ಯಾಗ ಬರದು ಹೋಗತಾಳ."

ತಬಸ್ಸುಮ್ ನನ್ನ ಮೊಣಕೈ ಹಿಂಡಿದಳು. ಹೇಳು ಎಂದೋ, ಹೇಳಬೇಡ ಎಂದೋ ತಿಳಿಯಲಿಲ್ಲ. ಹೇಳಿದರೆ ಈ ಹೆಂಗಸಿನ ಧೈರ್ಯ ಮುರಿಯುತ್ತದೆ. ಹೇಳದಿದ್ದರೆ ಸೊಸೆ ನಾಳೆಯೂ ಬಂದು ಬರೆಯುತ್ತಾಳೆ. ನಾನು ಯೋಚಿಸುತ್ತಿರುವಾಗಲೇ ಮೈಲವ್ವ ಬದುವಿನ ಆ ತುದಿಯಿಂದ ಬಂದಳು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಮುಖದಲ್ಲಿ ರಕ್ತವೇ ಇಲ್ಲ, ಹತ್ತು ಹೆಜ್ಜೆ ದೂರದಿಂದಲೇ ನನಗೆ ಗೊತ್ತಾಯಿತು. ಅತ್ತೆಯ ಕಡೆ ನೋಡದೆ ಡಬ್ಬಿಗೆ ಕೈ ಚಾಚಿದಳು, ಕೈಯಲ್ಲಿ ಪೆನ್ಸಿಲ್ ತುಂಡು ಇತ್ತು.

"ಬರೀಬ್ಯಾಡ ತಂಗಿ," ಎಂದೆ. "ಗೆಜ್ಜಿ ನನ್ನ ಕಡೆ ಐತಿ."

ಎಲ್ಲವನ್ನೂ ಹೇಳಿದೆ. ಇದು ದೇವರ ಡಬ್ಬಿಯಲ್ಲ, ಆಟ; ಸಾಮಾನು ಬದಲಾಯಿಸುವುದು ಆಟದ ಪದ್ಧತಿ; ಟಾರ್ಚು ನನ್ನದು.

"ಆಟಾನ?" ಮಂಗಳವ್ವ ಬಾಯಿ ತೆರೆದಳು. "ಇಷ್ಟಿಷ್ಟ ದೊಡ್ಡಾವ್ರು?" ಆಮೇಲೆ ಟಾರ್ಚನ್ನು ಮಡಿಲಿಗೆ ಹಾಕಿಕೊಂಡಳು.

ಕೀಲಿಕೈಯಿಂದ ಗೆಜ್ಜೆ ಬಿಡಿಸಲು ನನ್ನ ಉಗುರು ಸಹಕರಿಸಲಿಲ್ಲ. ತಬಸ್ಸುಮಳೇ ಬಿಡಿಸಿಕೊಟ್ಟಳು. ಮೈಲವ್ವ ಗೆಜ್ಜೆಯನ್ನು ಕಸಿದುಕೊಂಡವಳಂತೆ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬೈಯುತ್ತಾಳೆ ಎಂದು ಕಾದು ನಿಂತೆ. ಬೈದಿದ್ದರೆ ಹಗುರಾಗುತ್ತಿತ್ತು.

"ಚಾವಿಗೆ ಹಾಕ್ಕೊಂಡಿದ್ರೇನ್ರಿ?" ಎಂದಳು.

"ಹೂಂ."

"ಹಂಗಾರ ನಿಮ್ಮ ಜೋಡಿ ತಿರಗ್ಯಾಡೈತಿ. ಎಲ್ಲೆಲ್ಲಿ ಹೋಗಿತ್ರಿ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದಿನಾ ಲ್ಯಾಬಿಗೆ. ಹೊಸರಿತ್ತಿಗೆ ಒಮ್ಮೆ, ಕರ್ಜಗಿಗೆ ಒಂದು ಮದುವೆಗೆ. ನಿನ್ನೆ ಬ್ಯಾಡಗಿ ಮಾರುಕಟ್ಟೆಗೆ, ಅಲ್ಲಿ ಎಲ್ಲರೂ ಸೀನಿದರು. ಅದಕ್ಕೂ ಮೊದಲು ರಾಣೆಬೆನ್ನೂರಿನ ಕಾಡಿಗೆ, ಕೃಷ್ಣಮೃಗ ಇರುವಲ್ಲಿಗೆ.

"ಜಿಂಕಿ ಕಂಡ್ವೇನ್ರಿ?"

"ಮೂರು ಕಂಡ್ವು. ಗೆಜ್ಜಿ ಸಪ್ಪಳಾ ಕೇಳಿ ಕಿವಿ ನಿಗರಿಸಿದ್ವು. ಆಮ್ಯಾಲೆ ಜಿಗದು ಓಡಿದ್ವು."

ಮೈಲವ್ವ ನಕ್ಕಳು. ನಗುತ್ತಲೇ ಅವಳ ಕಣ್ಣಿಂದ ನೀರು ಬಂತು. "ಹನ್ನೊಂದ ದಿನ ಇತ್ರಿ ಅಕ್ಕಾರ. ದವಾಖಾನಿಯಿಂದ ಮನಿಗೆ ಬಂತು, ಮನಿಯಿಂದ ಮಣ್ಣಿಗೆ ಹೋತು. ಹೊರಗಿಂದು ಏನೂ ನೋಡ್ಲೇ ಇಲ್ಲ. ಬಿಸಲು ಸೈತ ನೋಡ್ಲಿಲ್ಲ. ಅದ ನನಗ ಕೊರೀತಿತ್ತು."

ಮಂಗಳವ್ವ ಎದ್ದು ಬಂದು ಸೊಸೆಯ ಬೆನ್ನಿನ ಮೇಲೆ ಕೈಯಿಟ್ಟಳು. ಮೈಲವ್ವ ಕೈಯನ್ನು ಸರಿಸಲಿಲ್ಲ. ನಾನು ಅಳುವವಳಲ್ಲ, ಅವತ್ತು ಅತ್ತುಬಿಟ್ಟೆ. ತಬಸ್ಸುಮ್ ದುಪಟ್ಟಾದಿಂದ ಮೂಗು ಒರೆಸಿಕೊಳ್ಳುತ್ತ ಜೋಳದ ತೆನೆ ಎಣಿಸುವವಳಂತೆ ಆ ಕಡೆ ತಿರುಗಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಮೈಲವ್ವ ನನ್ನ ಅಂಗೈ ಬಿಡಿಸಿ ಗೆಜ್ಜೆಯನ್ನು ಅದರಲ್ಲಿಟ್ಟಳು.

"ಮನ್ಯಾಗ ಇಟ್ಕೊಂಡ್ರ ಪೆಟಗ್ಯಾಗ ಕುಂದ್ರತೈತಿ. ನಿಮ್ಮ ಜೋಡಿ ತಿರಗ್ಯಾಡ್ಲಿ. ಆದ್ರ ಎಲ್ಲಿ ಹೋತು ಅಂತ ನನಗ ಹೇಳಬೇಕ್ರಿ."

"ಹೇಳತೇನಿ. ಆದ್ರ ನೀ ನಾಳಿ ನನ್ನ ಲ್ಯಾಬಿಗೆ ಬರಬೇಕು, ರಕ್ತಾ ತಪಾಸಣಿ ಮಾಡಿಸಬೇಕು. ಅರ್ಧ ರೊಟ್ಟಿ ಗಿರ್ಧ ರೊಟ್ಟಿ ನಡಿಯಂಗಿಲ್ಲ," ಎಂದು ನನ್ನ ಎಂದಿನ ದನಿಯಲ್ಲಿ ಗದರಿದೆ. ಮಂಗಳವ್ವ ಮೊದಲ ಸಲ ನನ್ನ ಕಡೆ ಮೆಚ್ಚುಗೆಯಿಂದ ನೋಡಿದಳು.

ತಬಸ್ಸುಮ್ ನೋಟ್‌ಬುಕ್ಕನ್ನು ಮೈಲವ್ವನ ಮುಂದೆ ಹಿಡಿದಳು. "ನಮ್ಮ ಆಟದಾಗ ತಿರಗ್ಯಾಡಾವ್ರು ಹೆಸರು ಬರೀಬೇಕು. ಆಕಿ ಹೆಸರೇನು?"

ಮೈಲವ್ವ ತಲೆ ತಗ್ಗಿಸಿದಳು. ಹದಿಮೂರನೆಯ ದಿನ ತೊಟ್ಟಿಲು ಇಟ್ಟುಕೊಂಡಿದ್ದರಂತೆ. ಹೆಸರಿಡುವ ಮೊದಲೇ ಕೂಸು ಹೋಗಿತ್ತು. ಅವಳು ಮನಸ್ಸಿನಲ್ಲಿ ಒಂದನ್ನು ಇಟ್ಟುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ, ಒಮ್ಮೆಯೂ ಕರೆದಿರಲಿಲ್ಲ. ಪೆನ್ಸಿಲ್ ತುಂಡಿನಿಂದ ನಿಧಾನವಾಗಿ ಬರೆದಳು: ನಂದಿತಾ. ಮುಂದೆ ತಾರೀಖು ಹಾಕಿದಳು. ಮಂಗಳವ್ವನಿಗೆ ಓದಲು ಬರುವುದಿಲ್ಲ. "ಏನ್ ಬರದಿಯವ್ವಾ?" ಎಂದು ಕೇಳಿದಳು. ತಿಂಗಳ ಮೇಲೆ ಸೊಸೆ ಅತ್ತೆಯ ಜೊತೆ ಆಡಿದ ಮೊದಲ ಮಾತು ಆ ಹೆಸರು.

ಹತ್ತು ಗಂಟೆಗೆ ಬಂದವರಿಗೆ ಈ ಡಬ್ಬಿ ಇವತ್ತು ಇಲ್ಲ ಎಂದು ತಬಸ್ಸುಮ್ ಹೇಳಿ ಕಳಿಸಿದಳು. ಆಮೇಲೆ ಅದನ್ನು ಆ್ಯಪಿನಿಂದಲೂ ತೆಗೆದಳು, ಮರದಲ್ಲಿ ಹಾಗೆಯೇ ಬಿಟ್ಟಳು. ಈಗ ನಾನು ಯಾವ ಊರಿನ ಡಬ್ಬಿ ತೆರೆದರೂ ನನ್ನ ಹೆಸರಿನ ಕೆಳಗೆ ಇನ್ನೊಂದನ್ನು ಬರೆಯುತ್ತೇನೆ. ಹುಡುಕಲು ಬಂದವರ ಹೆಸರನ್ನಷ್ಟೇ ಬರೆಯಬೇಕೆಂದು ಊರಿಗೆಲ್ಲ ನಿಯಮ ಹೇಳುವ ತಬಸ್ಸುಮ್ ಅದನ್ನು ನೋಡಿಯೂ ನೋಡದಂತೆ ಇರುತ್ತಾಳೆ.

ಮಾರ್ಚಿನ ಕೊನೆಯ ಭಾನುವಾರ ಗದುಗಿನ ಕಡೆ ಹೋಗಿದ್ದೆ. ಮಧ್ಯಾಹ್ನ ಮೈಲವ್ವನ ಫೋನು ಬಂತು. ಹೆರಿಗೆಯಾಗಿ ಆರು ದಿನವಾಗಿತ್ತು. ಅವಳ ದನಿಯ ಹಿಂದೆ ಗಂಡು ಕೂಸೊಂದು ಗಂಟಲು ಹರಿಯುವಂತೆ ಅಳುತ್ತಿತ್ತು, ಮಂಗಳವ್ವ ಅದನ್ನು ರಮಿಸುತ್ತಿದ್ದಳು. ಕೂಸು ಹೇಗಿದೆ, ಹಾಲು ಕುಡಿಯುತ್ತದೆಯೇ, ತೂಕ ಎಷ್ಟು ಎಂದು ನಾನು ಕೇಳುತ್ತಲೇ ಇದ್ದೆ.

"ಇಂವ ಆರಾಮ ಅದಾನ್ರಿ ಅಕ್ಕಾರ," ಎಂದಳು ಮೈಲವ್ವ. "ಮೊದಲ ಅದನ್ನ ಹೇಳ್ರಿ. ಇವತ್ತ ಎಲ್ಲಿಗೆ ಹೋಗ್ಯಾಳ ನಮ್ಮ ನಂದಿತಾ?"