ಒಂದು ದಿನದ ಪಾಸು

ಮುರಿಗೆಪ್ಪನವರ ಪ್ರಶ್ನೆ ಮೂರು ಅಧಿವೇಶನಗಳಿಂದ ಸರದಿಯಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡಿತ್ತು. ಪ್ರಶ್ನೆಗೆ ಕಾಲೆಲ್ಲಿಂದ ಬಂತು ಎನ್ನಬೇಡಿ. ಮುಂಬೈ ವಿಧಾನಸಭೆಯಲ್ಲಿ ನಾಲ್ಕು ವರ್ಷ ಕೂತವರಿಗೆ ಗೊತ್ತು, ಅಲ್ಲಿ ಪ್ರಶ್ನೆಗಳೂ ರೇಷನ್ ಅಂಗಡಿಯ ಮುಂದಿನ ಜನರ ಹಾಗೆ ಸಾಲಾಗಿ ನಿಲ್ಲುತ್ತವೆ. ಅಂಗಡಿ ಮುಚ್ಚಿದರೆ ಬರಿಗೈಯಲ್ಲಿ ವಾಪಸಾಗುತ್ತವೆ.

ಅವರು ಕೇಳಿದ್ದು ದೊಡ್ಡದೇನಲ್ಲ. ಚೆಂಬೂರಿನ ಆಚೆ ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಖಣಿ. ಅಲ್ಲಿ ಕಲ್ಲು ಒಡೆಯುವವರೆಲ್ಲ ಅವರದೇ ವಿಜಾಪುರ ಜಿಲ್ಲೆಯಿಂದ ಗುಳೆ ಬಂದವರು. ಬಂಡೆಗೆ ಮದ್ದು ಹಾರಿಸುವ ಮೊದಲು ಕೆಂಪು ಬಾವುಟ ಹಿಡಿಯಬೇಕು, ಸೀಟಿ ಊದಬೇಕು, ಜನರನ್ನು ದೂರ ಕಳಿಸಬೇಕು ಎಂದು ಕಾಯ್ದೆಯಲ್ಲಿದೆ. ಬಾವುಟ ಹಿಡಿದು ನಿಲ್ಲುವವನು ಕೆಲಸಗಳ್ಳ ಎಂದು ಗುತ್ತೇದಾರನಿಗೆ ಅನ್ನಿಸಿತು, ಅವನ ತಲೆಗೂ ಬುಟ್ಟಿ ಹೊರಿಸಿದ. ಹೋದ ವರ್ಷ ಮಾರ್ಚಿನ ಒಂದು ಮಧ್ಯಾಹ್ನ, ಬಂಡೆಯ ನೆರಳಿನಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದ ಮೂವರು ಸತ್ತರು. ಅದರಲ್ಲಿ ಮುದ್ದೇಬಿಹಾಳದ ಶೆಟ್ಟೆಪ್ಪ ಒಬ್ಬ. ಅವನ ಹೆಂಡತಿ ರುದ್ರವ್ವ, ಮಗಳು ನಾಗವ್ವ ಇವತ್ತಿಗೂ ಅದೇ ಖಣಿಯಲ್ಲಿ ಬುಟ್ಟಿ ಹೊರುತ್ತಾರೆ. ಮದ್ದು ಇವತ್ತಿಗೂ ಊಟದ ಹೊತ್ತಿಗೇ ಹಾರುತ್ತದೆ, ಬಾವುಟವಿಲ್ಲದೆ.

ಆ ಕಾಯ್ದೆ ನಡೆಸುವುದು ಯಾವಾಗ ಎಂದು ಮೊದಲ ಸಲ ಕೇಳಿದಾಗ ಬಂದ ಉತ್ತರ, ಮಾಹಿತಿ ಸಂಗ್ರಹಿಸಲಾಗುತ್ತಿದೆ. ಎರಡನೇ ಸಲ, ಮುಂಬೈ ಪಟ್ಟಣ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಸಭೆಯ ಅರ್ಧ ಜನ ಇನ್ನರ್ಧ ಜನರ ಮೇಲೆ ಕೂಗಾಡುತ್ತಿದ್ದರು. ಆ ಗದ್ದಲದಲ್ಲಿ ಚೆಂಬೂರಿನ ಬಂಡೆ ಯಾರ ಕಣ್ಣಿಗೆ ಬೀಳಬೇಕು? ಮುರಿಗೆಪ್ಪನವರು ಮಂತ್ರಿಗಳ ಕೋಣೆಗೂ ಏಳು ಸಲ ಹೋಗಿದ್ದರು. ಮಂತ್ರಿಗಳು ಒಳ್ಳೆಯವರು, ಚಹಾ ತರಿಸುತ್ತಿದ್ದರು. ಮಾತು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೋಣೆಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಸಭೆಯಲ್ಲಿ ಎದ್ದು ನಿಂತು ‘ಮಾಡುತ್ತೇವೆ’ ಎಂದರೆ ಮಾತ್ರ ಅದು ಭರವಸೆಯಾಗಿ ದಾಖಲಾಗುತ್ತದೆ, ಆಮೇಲೆ ಕಚೇರಿಯವರು ಕದಲಲೇಬೇಕಾಗುತ್ತದೆ. ಆ ಒಂದು ಮಾತಿಗಾಗಿ ಮುರಿಗೆಪ್ಪನವರು ಒಂದೂವರೆ ವರ್ಷ ಕಾದಿದ್ದರು.

ಇನ್ನು ಕಾಯಲು ದಿನಗಳೇ ಇರಲಿಲ್ಲ. ಐವತ್ತಾರನೇ ಇಸವಿಯ ಅಕ್ಟೋಬರ್ ಅದು. ನವೆಂಬರ್ ಒಂದಕ್ಕೆ ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ನಾಲ್ಕೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರುವವು, ಅವುಗಳ ಶಾಸಕರೂ ಬೆಂಗಳೂರಿಗೆ ಹೊರಡುವವರು. ಕನ್ನಡದವರೆಲ್ಲ ಒಂದಾಗಬೇಕೆಂದು ಮುರಿಗೆಪ್ಪನವರು ಇಪ್ಪತ್ತು ವರ್ಷ ಊರೂರು ಅಲೆದಿದ್ದರು, ಎಡ ಮೊಣಕಾಲಿಗೆ ಲಾಠಿ ಏಟು ತಿಂದಿದ್ದರು. ಕೊನೆಗೂ ಅದು ಕೈಗೂಡುವ ಹೊತ್ತಿಗೆ ಅವರಿಗೆ ಹೊಳೆದದ್ದು ಒಂದೇ: ಜಿಲ್ಲೆ ಹೋಗುತ್ತದೆ, ಖಣಿ ಇಲ್ಲೇ ಉಳಿಯುತ್ತದೆ.

ಕೊನೆಯ ದಿನದ ಪಟ್ಟಿಯಲ್ಲಿ ಅವರ ಪ್ರಶ್ನೆ ನಾಲ್ಕನೆಯದಾಗಿತ್ತು. ಈ ಸಲ ತಪ್ಪುವುದಿಲ್ಲ ಎಂದು ಅವರು ಭಾನುವಾರ ಚೆಂಬೂರಿಗೆ ಹೋಗಿ, ರುದ್ರವ್ವನ ಕೈಗೆ ಪ್ರೇಕ್ಷಕರ ಗ್ಯಾಲರಿಯ ಪಾಸು ಕೊಟ್ಟು, ಬಂದು ಕಿವಿಯಾರೆ ಕೇಳು ಎಂದಿದ್ದರು. ನೀಲಿ ಚೀಟಿ, ಕೆಳಗೆ ಅವರದೇ ಸಹಿ.

ಅವತ್ತು ಬೆಳಿಗ್ಗೆ ವಿಧಾನಸಭೆ ಸೇರುವ ಕೌನ್ಸಿಲ್ ಹಾಲಿನ ಮೆಟ್ಟಿಲ ಮೇಲೆ ಧಾರವಾಡದ ಶಾಸಕ ಈರಣ್ಣ ಎದುರಾಗಿ, ಸಂತೋಷದ ಸುದ್ದಿ ಎಂದು ಅವರ ಕೈ ಹಿಡಿದುಕೊಂಡರು. ಕನ್ನಡ ಶಾಸಕರ ಬೀಳ್ಕೊಡುಗೆಗಾಗಿ ಇಂದಿನ ಪ್ರಶ್ನೋತ್ತರವನ್ನೇ ಕೈಬಿಟ್ಟಿದ್ದಾರಂತೆ. ಹಾರ, ಭಾಷಣ, ಪೇಡೆ ಎಲ್ಲ ಉಂಟಂತೆ. ಹಿರಿಯರೆಂದು ಮುರಿಗೆಪ್ಪನವರೇ ಉತ್ತರ ಕೊಡಬೇಕಂತೆ, ಅದೂ ಅಚ್ಚ ಕನ್ನಡದಲ್ಲಿ. ಈ ಸಭೆಯಲ್ಲಿ ಕನ್ನಡ ಮಾತಾಡುವ ಹಕ್ಕಿಗಾಗಿ ಜಗಳ ತೆಗೆದವರು ನೀವೇ ಅಲ್ಲವೆ ಎಂದು ಈರಣ್ಣ ನಕ್ಕರು. ಮುರಿಗೆಪ್ಪನವರಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡಬೇಕೆನ್ನಿಸಿತು. ಅವರ ಪ್ರಶ್ನೆಯನ್ನು ಯಾರೂ ಕೊಂದಿರಲಿಲ್ಲ; ಅವರದೇ ಸನ್ಮಾನ ಅದರ ಮೇಲೆ ಬಂದು ಕೂತಿತ್ತು.

ಹನ್ನೊಂದಕ್ಕೆ ಭಾಷಣಗಳು ಶುರುವಾದವು. ಕನ್ನಡದವರು ಸಜ್ಜನರು, ಸಹನಶೀಲರು ಎಂದು ಒಬ್ಬೊಬ್ಬರೂ ಹೇಳಿದರು. ದೂರ ಹೋಗುವವರನ್ನು ಹೊಗಳುವುದಕ್ಕೆ ಖರ್ಚೇನಿದೆ? ಮುರಿಗೆಪ್ಪನವರು ತಲೆಯೆತ್ತಿ ಗ್ಯಾಲರಿ ನೋಡಿದರು. ಮೂಲೆಯ ಬೆಂಚಿನಲ್ಲಿ, ಇಳಕಲ್ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು, ರುದ್ರವ್ವ ಮುಂದಕ್ಕೆ ಬಾಗಿ ಕೂತಿದ್ದಳು.

ಅವರ ಸರದಿ ಬಂತು. ಎದ್ದು ನಿಂತು, ಎರಡು ಮಾತು ಕೃತಜ್ಞತೆ ಹೇಳಿದರು. ಮೂರನೇ ಮಾತು ಖಣಿಗೆ ಹೋಯಿತು. ಹೇಗೆ ಹೋಯಿತೋ ಅವರಿಗೇ ತಿಳಿಯಲಿಲ್ಲ; ಒಂದೂವರೆ ವರ್ಷ ಎದೆಯೊಳಗಿದ್ದದ್ದು ದಾರಿ ಸಿಕ್ಕ ಕೂಡಲೇ ಹರಿಯಿತು. ಸತ್ತ ಮೂವರ ಹೆಸರು ಹೇಳಿದರು. ಅರ್ಧ ತಿಂದ ರೊಟ್ಟಿಯ ಮೇಲೆ ಕಲ್ಲು ಬಿದ್ದದ್ದನ್ನು ಹೇಳಿದರು. ಅಷ್ಟು ಒಳ್ಳೆಯ ಕನ್ನಡವನ್ನು ಅವರು ತಮ್ಮ ಜನ್ಮದಲ್ಲಿ ಆಡಿರಲಿಲ್ಲ. ಶೆಟ್ಟೆಪ್ಪನ ಹೆಸರು ಹೇಳಿ ಗಂಟಲು ಕಟ್ಟಿ ನಿಂತಾಗ, ಸಭೆಯೆಲ್ಲ ದಡದಡ ಮೇಜು ಕುಟ್ಟಿತು.

ಮುರಿಗೆಪ್ಪನವರು ಬೆಚ್ಚಿದರು. ಬೀಳ್ಕೊಡುಗೆಯ ದುಃಖದಿಂದ ಮುದುಕನ ಗಂಟಲು ಕಟ್ಟಿತೆಂದು ಅವರೆಲ್ಲ ತಿಳಿದಿದ್ದರು. ಮುಂದಿನ ಸಾಲಿನಲ್ಲಿ ಖಣಿಯ ಖಾತೆಯ ಮಂತ್ರಿಗಳೂ ಪ್ರೀತಿಯಿಂದ ಮೇಜು ಕುಟ್ಟುತ್ತಿದ್ದರು. ಕನ್ನಡ ಬಲ್ಲವರು ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಮತ್ತೆ ಹಿಂದಿಯಲ್ಲಿ ಹೇಳೋಣವೆಂದರೆ ಅವರ ಹಿಂದಿ ಎಲ್ಲರಿಗೂ ಗೊತ್ತಿದ್ದ ತಮಾಷೆ. ಬಾಯಿ ತೆರೆದರೆ ನಗುತ್ತಿದ್ದರು. ಮೊಣಕಾಲು ನೋಯುತ್ತಿತ್ತು. ಅವರು ಕೂತುಬಿಟ್ಟರು.

ಚಹಾದ ವಿರಾಮದಲ್ಲಿ ಕೊರಳ ಹಾರವನ್ನೂ ತೆಗೆಯದೆ ಹೊರಗೆ ಬಂದರು. ಮೆಟ್ಟಿಲ ಕೆಳಗೆ ರುದ್ರವ್ವ ನಿಂತಿದ್ದಳು. ಅವಳ ಮುಖದಲ್ಲಿ ನಗುವಿತ್ತು.

“ಎಲ್ಲಾರೂ ಒಪ್ಪಿದ್ರಲ್ರೀ ಯಪ್ಪಾ, ಮೇಜು ಬಡದು. ಇನ್ನ ನಾಗವ್ವನ್ನ ಬ್ಯಾಡ ಅನ್ನೂದಿಲ್ಲ, ನೆರಳಿಗೇ ಕುಂದರ್ಲಿ” ಎಂದಳು.

ಗಂಡ ಸತ್ತಂದಿನಿಂದ ಅವಳು ಮಗಳನ್ನು ಬಂಡೆಯ ನೆರಳಿಗೆ ಬಿಡುತ್ತಿರಲಿಲ್ಲ. ಸುಡುಬಿಸಿಲಿನಲ್ಲಿ ಇಬ್ಬರೂ ರಸ್ತೆಯ ಅಂಚಿಗೆ ಕೂತು ಉಣ್ಣುತ್ತಿದ್ದರು. ಹೌದವ್ವ ಎಂದು ತಲೆಯಾಡಿಸಿದ್ದರೆ ಅವಳು ಕೈಮುಗಿದು ಹೋಗುತ್ತಿದ್ದಳು, ಅವರೂ ಒಳಗೆ ಹೋಗಿ ಪೇಡೆ ತಿನ್ನಬಹುದಿತ್ತು. ಅವರಿಗೆ ಅಷ್ಟು ದಣಿವಾಗಿತ್ತು. ಆದರೂ ಆ ತಲೆ ಆಡಲಿಲ್ಲ.

“ಇಲ್ಲ ಯವ್ವಾ. ಅವ್ರಿಗೆ ಏನೂ ತಿಳೀಲಿಲ್ಲ. ತಪ್ಪು ನಂದು. ನಾ ನಮ್ಮ ಮಾತಿನ ಹೆಮ್ಮ್ಯಾಗ ಹೇಳಿ ಕೂತೆ” ಎಂದರು.

ರುದ್ರವ್ವನ ಮುಖದ ನಗು ಹೋಯಿತು. ಸಿಟ್ಟು ಬರಲಿಲ್ಲ, ಅವಳೂ ದಣಿದವಳೇ. ಹಂಗಾದರೆ ಅವರಿಗೆ ತಿಳಿಯುವ ಹಾಗೆ ಹೇಳಿರಿ ಎಂದಳು. ಹಿಂದಿ ಬರುವುದಿಲ್ಲವ್ವ ಎಂದು ಮುರಿಗೆಪ್ಪನವರು ಒಪ್ಪಿಕೊಂಡರು. ಅದಕ್ಕೇನು, ನನಗೆ ಬರುತ್ತದೆ ಎಂದಳು. ಆರು ವರ್ಷ ಕೂಲಿಯವರ ಮೇಲಿನ ಮುಕಾದಮನ ಬೈಗುಳ ಕೇಳಿ ಕಲಿತ ಹಿಂದಿ.

ಅಲ್ಲೇ ಮೆಟ್ಟಿಲ ಮೇಲೆ ಪಾಠ ನಡೆಯಿತು. ಹಾರ ಹಾಕಿಕೊಂಡ ಶಾಸಕರು ಒಂದೊಂದೇ ಮಾತು ಹೇಳುವುದು, ಕಲ್ಲು ಒಡೆಯುವ ಹೆಂಗಸು ತಿದ್ದುವುದು. ಹೋಗಿ ಬರುವ ಜವಾನರು ನಿಂತು ನೋಡಿದರು. ಐದಾರು ಮಾತು ಬಾಯಿಪಾಠವಾಗುವ ಹೊತ್ತಿಗೆ ಗಂಟೆ ಹೊಡೆಯಿತು.

ಸಭೆ ಕೂಡಿದ ಕೂಡಲೇ ಮುರಿಗೆಪ್ಪನವರು ಎದ್ದು ನಿಂತರು. ತಾವೇ ಅವರ ಕೊರಳಿಗೆ ಹಾಕಿದ್ದ ಹಾರ ನೋಡಿ ಸಭಾಧ್ಯಕ್ಷರು ಬೇಡ ಎನ್ನಲಾರದೆ ಎರಡು ನಿಮಿಷ ಕೊಟ್ಟರು.

“ಲಾಲ್ ಝಂಡಾ ನಹೀ. ಸೀಟೀ ನಹೀ. ರೋಟೀ ಖಾತೇ ವಕ್ತ್ ಬಾರೂದ್ ಉಡಾಯಾ. ತೀನ್ ಆದ್ಮೀ ಮರ್ ಗಯೇ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಬಾವುಟವಿಲ್ಲ, ಸೀಟಿಯಿಲ್ಲ, ಊಟದ ಹೊತ್ತಿಗೆ ಮದ್ದು ಹಾರಿಸಿದರು, ಮೂವರು ಸತ್ತರು. ಇದರಲ್ಲಿ ನಗುವುದೇನಿದೆ ಎಂದು ನಕ್ಕವರಿಗೂ ಹೊಳೆದಿರಬೇಕು, ನಗು ಅಲ್ಲಿಗೇ ನಿಂತಿತು. ಮುಂದಿನ ಮಾತು ಮುರಿಗೆಪ್ಪನವರಿಗೆ ಮರೆತುಹೋಯಿತು. ಆಗ ಅವರು ಶಾಸಕರು ಮಾಡಬಾರದ ಕೆಲಸ ಮಾಡಿದರು: ಗ್ಯಾಲರಿಯತ್ತ ಕೈ ತೋರಿಸಿದರು. ಅಲ್ಲಿ ಕೂತವರನ್ನು ಸಭೆಯಲ್ಲಿ ಹೆಸರಿಸುವಂತಿಲ್ಲ, ತೋರಿಸುವಂತಿಲ್ಲ. ನಿಯಮ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಸಭಾಧ್ಯಕ್ಷರು ಗಂಟೆ ಬಾರಿಸಿದರು. ಅಷ್ಟರೊಳಗೆ ಎಲ್ಲ ತಲೆಗಳೂ ಮೇಲೆ ತಿರುಗಿದ್ದವು. ಮಂತ್ರಿಗಳದೂ. ಮೂಲೆಯ ಬೆಂಚಿನಲ್ಲಿ ರುದ್ರವ್ವ ಅಲ್ಲಾಡದೆ ಕೂತಿದ್ದಳು.

ಈ ಸಲ ಯಾರೂ ಮೇಜು ಕುಟ್ಟಲಿಲ್ಲ. ಮಂತ್ರಿಗಳು ನಿಧಾನವಾಗಿ ಎದ್ದರು. ಸೋಮವಾರ ಅಧಿಕಾರಿಯನ್ನು ಖಣಿಗೆ ಕಳಿಸುತ್ತೇವೆ, ಅಲ್ಲಿಯವರೆಗೆ ಮದ್ದು ಹಾರಿಸಕೂಡದೆಂದು ಇಂದೇ ಹುಕುಂ ಹೋಗುತ್ತದೆ ಎಂದರು. ವರದಿಗಾರರು ಅದನ್ನು ಬರೆದುಕೊಂಡರು.

ಸಂಜೆ ಮುರಿಗೆಪ್ಪನವರು ಅವಳನ್ನು ಬೋರಿಬಂದರ್ ಸ್ಟೇಷನ್ನಿನವರೆಗೂ ಕಳಿಸಲು ಹೋದರು. ಗೆದ್ದೆ ಎನ್ನಿಸಲಿಲ್ಲ, ಹೊರೆ ಕೆಳಗಿಟ್ಟೆ ಎನ್ನಿಸಿತು, ಅಷ್ಟೆ. ಆಗ ರುದ್ರವ್ವ ಕೇಳಿದಳು:

“ಸೋಮವಾರ ಆ ಸಾಹೇಬ ಬರದಿದ್ರ, ಯಾರನ್ನ ಕೇಳಬೇಕ್ರಿ?”

ಚೆಂಬೂರಿನ ಶಾಸಕರು ಯಾರೆಂದು ಮುರಿಗೆಪ್ಪನವರು ಹೇಳಬಹುದಿತ್ತು. ಆದರೆ ಆ ಶಾಸಕರು ಖಣಿಯತ್ತ ಒಮ್ಮೆಯೂ ಹೋಗಿರಲಿಲ್ಲ. ಬೆಂಗಳೂರಿಗೆ ಕಾಗದ ಹಾಕಿಸು ಎನ್ನಬಹುದಿತ್ತು. ಬೆಂಗಳೂರಿನಲ್ಲಿ ಕೂತು ಚೆಂಬೂರಿನ ಬಂಡೆಯ ಮಾತೆತ್ತಿದರೆ ಕೇಳುವವರಾರು? ಇಪ್ಪತ್ತು ವರ್ಷ ಬಡಿದಾಡಿ ಒಂದು ರಾಜ್ಯ ಪಡೆದ ಮನುಷ್ಯನ ಬಳಿ ಇವಳಿಗೆ ಹೇಳಲು ಒಂದು ಹೆಸರೂ ಇರಲಿಲ್ಲ.

ರುದ್ರವ್ವ ಸೊಂಟದ ಚೀಲದಿಂದ ನೀಲಿ ಚೀಟಿ ತೆಗೆದಳು.

“ಇದು ಮತ್ತ ನಡೀತದೇನ್ರಿ?”

“ಇಲ್ಲ ಯವ್ವಾ. ಇವತ್ತಿಗಷ್ಟ.”

ಅವಳು ತಲೆಯಾಡಿಸಿದಳು. ಚೀಟಿಯನ್ನು ಎಸೆಯಲಿಲ್ಲ. ನಾಲ್ಕು ಮಡಿಕೆ ಮಾಡಿ ಮತ್ತೆ ಚೀಲಕ್ಕೆ ಸೇರಿಸಿ, ದಾರವನ್ನು ಬಿಗಿಯಾಗಿ ಎಳೆದು, ಕುರ್ಲಾ ಕಡೆಯ ಲೋಕಲ್ ಹತ್ತಿದಳು.