ಒಟ್ಟು ಸಿಗದ ಹಾಳೆ

ಮುಂಡಗೋಡದ ಒಂದು ಸೇವಾಸಂಸ್ಥೆಯಲ್ಲಿ ಜೆಸ್ಸಿಕಾ ಕಂಪ್ಯೂಟರ್ ಕೆಲಸಕ್ಕಿದ್ದಳು. ಮಳೆಗಾಲಕ್ಕೆ ಮೊದಲು ಮಾಡಿಗೆ ಹೊದಿಸುವ ತಗಡು ಹಂಚಲು ಮನೆಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತುಂಬುವುದು ಅವಳ ಪಾಲಿಗೆ ಬಂದಿತ್ತು. ಬಟನ್ ಒತ್ತಿದರೆ ಅದರೊಳಗೆ ಬರೆದಿಟ್ಟ ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಂ ತಾನೇ ಊರುವಾರು ವಿಂಗಡಿಸುತ್ತಿತ್ತು. ಅದನ್ನು ಬರೆದವ ಕೆಲಸ ಬಿಟ್ಟು ಹೋಗಿದ್ದ.

ಅಂದು ಬಟನ್ ಒತ್ತಿದಳು. ಪರದೆ ಕಲ್ಲಾಯಿತು. ಎಸ್ಕೇಪ್ ಒತ್ತಿದರೂ ಅಲುಗಲಿಲ್ಲ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿದಳು. ಮತ್ತೆ ಅದೇ.

"ಜೀಪು ಹೊರಟೈತಿ. ಪಟ್ಟಿ ಇವತ್ತ ಹಳಿಯಾಳದ ಸರಕಾರಿ ಕಚೇರಿಗೆ ಮುಟ್ಟಬೇಕು, ಇವತ್ತ ಕಡೀ ದಿನ," ಎಂದರು ಮೇಲ್ವಿಚಾರಕ ಶಂಕ್ರಪ್ಪ.

"ವಿಂಗಡಿಸದನ ಹಂಗ ಪ್ರಿಂಟ್ ತೆಗೀಲೇನ್ರಿ ಸರ್?"

"ಅಲ್ಲಿಯವರು ತಗೊಳ್ಳಂಗಿಲ್ಲ. ಹೋದ ವಾರದ ಪ್ರಿಂಟ್ ಐತಲ್ಲ, ಅದನ್ನ ಒಯ್ತೇನಿ."

"ಅದರಾಗ ನಮ್ಮ ಸಿದ್ದಿ ಕೇರಿ ಇಲ್ರಿ. ನಿನ್ನೆ ಸೇರಿಸೇನಿ."

ಶಂಕ್ರಪ್ಪ ಬಾಗಿಲಲ್ಲಿ ನಿಂತು ಕಾದರು. ಮೂರನೇ ಸಲವೂ ಪರದೆ ನಿಂತಾಗ ಹಳೇ ಪ್ರಿಂಟ್ ತೆಗೆದುಕೊಂಡು ಹೋದರು.

ಜೀಪಿನ ಸದ್ದು ಕರಗಿದ ಮೇಲೆ ಜೆಸ್ಸಿಕಾ ಮ್ಯಾಕ್ರೊ ಬಿಚ್ಚಿ ಒಂದೊಂದೇ ಸಾಲು ನಡೆಸಿ ನೋಡಿದಳು. ಪಟ್ಟಿಯ ಕೊನೆಯ 'ಒಟ್ಟು' ಎಂಬ ಸಾಲು ಸಿಗುವತನಕ ಕೆಳಗೆ ಇಳಿಯುತ್ತಾ ಹೋಗಬೇಕೆಂದು ಅದರಲ್ಲಿ ಬರೆದಿತ್ತು. ಕೇರಿಯವರ ಹೆಸರಿಗೆ ಜಾಗ ಮಾಡಲು ಆ ಸಾಲನ್ನು ಅವಳೇ ಅಳಿಸಿದ್ದಳು. ಪಾಪ, ಯಂತ್ರ ಇಲ್ಲದ್ದನ್ನು ಹುಡುಕುತ್ತಾ ಇಳಿಯುತ್ತಲೇ ಇತ್ತು.

ಸಾಲು ಮತ್ತೆ ಟೈಪ್ ಮಾಡಿ ಬಟನ್ ಒತ್ತಿದಳು. ಕಣ್ಣು ಮಿಟುಕಿಸುವುದರೊಳಗೆ ಪಟ್ಟಿ ಸಿದ್ಧವಾಯಿತು. ಪ್ರಿಂಟ್ ಹಿಡಿದು ಸಿಕ್ಕ ಬಸ್ಸಿಗೆ ಹತ್ತಿದಳು. ಹಳಿಯಾಳದ ಕಚೇರಿಯಲ್ಲಿ ಗುಮಾಸ್ತ ಬೀಗ ಹಾಕುತ್ತಿದ್ದ.

"ನಿಮ್ಮ ಪಟ್ಟಿ ಬಂತಲ್ಲ. ಕಾರವಾರಕ್ಕ ಕಳಿಸೇವಿ."

"ಅದು ಹಳೇದ್ರಿ. ಇದು ಸರಿ ಐತಿ."

"ಮುಂದಿನ ವರ್ಷ ನೋಡೂಣು," ಎಂದು ಕೀಲಿ ಜೇಬಿಗೆ ಹಾಕಿಕೊಂಡ.

ಮರುದಿನ ಕೇರಿಯಲ್ಲಿ ಚಿಕ್ಕಮ್ಮ ಮಾರ್ಥಾ ಮಾಡಿಗೆ ಹೊದಿಸುವ ಹರಿದ ಪ್ಲಾಸ್ಟಿಕ್ ಹಾಳೆ ಹೊಲಿಯುತ್ತಿದ್ದಳು. ಜೆಸ್ಸಿಕಾ ಎಲ್ಲ ಹೇಳಿದಳು.

"ನಮ್ಮ ಹೆಸರು ಹಾಕಾಕ ಹೋಗೇ ಕೆಟ್ಟಿತೇನ?"

"ಹೂಂ, ಮೌಶಿ."

ಮಾರ್ಥಾ ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತೆಂದು ಜೆಸ್ಸಿಕಾಗೆ ಅನಿಸಿತು. ಮೌಶಿ ಸೂಜಿಗೆ ದಾರ ಪೋಣಿಸುತ್ತಾ, "ಆ ತುದಿ ಹಿಡಿ," ಎಂದಳು. ಜೆಸ್ಸಿಕಾ ಹಿಡಿದಳು. ಹೊಲಿದಲ್ಲೆಲ್ಲ ಪ್ಲಾಸ್ಟಿಕ್ ಮತ್ತೆ ಹರಿಯುತ್ತಿತ್ತು.